ದೊರೆಯ ಬಾಯಿಂದ ಹೊರಟ ಮಾತು

ರಾಯಚೂರಿನ ಕೋಟೆಯ ಪಶ್ಚಿಮದ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮಿಕ್ಕು ಉದ್ದವಾದ ಒಂದು ಏಕಶಿಲೆಯುಂಟು. ಕಾಕತೀಯರ ಆಳಿಕೆಯಲ್ಲಿ, 1294ರಲ್ಲಿ, ಕೋಟೆಯನ್ನು ಕಟ್ಟಿಸಿದವರ ಹೆಸರು ಹೇಳುವ ಶಾಸನ ಅದರ ಮೇಲಿದೆ. ಅಂಥ ಬಂಡೆಯನ್ನು ಗಾಡಿಗೇರಿಸಿ, ಕೋಣಗಳ ನೀಳವಾದ ಸಾಲನ್ನು ಹೂಡಿ, ಎಳೆದು ತಂದ ಬಗೆಯನ್ನು ತೋರಿಸುವ ರೇಖಾಚಿತ್ರವೂ ಅಲ್ಲಿಯೇ ಇದೆ. ಬೇಸಗೆಯ ಒಂದು ಸಂಜೆ, ಬಿಸಿಲಿನ ಝಳ ಇನ್ನೂ ಕಲ್ಲಿನಿಂದ ಇಳಿಯದಿದ್ದ ಹೊತ್ತಿನಲ್ಲಿ, ಇಬ್ಬರು ಅದರ ಎದುರಿಗೆ ಕುಳಿತಿದ್ದರು. ಒಬ್ಬರು ಮಾನ್ವಿಯವರು, ಇತಿಹಾಸ ಕಲಿಸಿ ನಿವೃತ್ತರಾದ ಉಪಾಧ್ಯಾಯರು, ಈಗ ಎಂಬತ್ತರ ಸಮೀಪದಲ್ಲಿರುವವರು. ಇನ್ನೊಬ್ಬರು ದೇವದುರ್ಗದವರು, ಅವರ ಹಳೆಯ ಶಿಷ್ಯರು, ವೃತ್ತಿಯಿಂದ ವಕೀಲರು. ಕೋರ್ಟಿನ ಕೆಲಸ ಮುಗಿಸಿ ಹೊರಟ ಶಿಷ್ಯರಿಗೆ ಬಸ್ಸಿಗಾಗಿ ಕಾಯುತ್ತಿದ್ದ ಗುರುಗಳು ಕಣ್ಣಿಗೆ ಬಿದ್ದು, ಇಬ್ಬರೂ ಮಾತಾಡುತ್ತ ಇಲ್ಲಿಯವರೆಗೆ ಬಂದಿದ್ದರು. ಅವರ ಹೆಸರುಗಳು ನಮಗೆ ಬೇಕಿಲ್ಲ. ಊರುಗಳ ಹೆಸರು ಸಾಕು.

ದೇವದುರ್ಗದವರು: ಗುರುಗಳೇ, ಈಚೆಗೆ ಅಮೆರಿಕದ ಅಧ್ಯಕ್ಷರುಗಳ ಭಾಷಣಗಳನ್ನು ಒಂದರ ಹಿಂದೊಂದರಂತೆ ಓದುತ್ತಿದ್ದೇನೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಓದಿ ಮುಗಿಸಿದ ಮೇಲೆ ಮಾತ್ರ, ಮಾರುಕಟ್ಟೆಯಲ್ಲಿ ದಲಾಲನ ಮಾತಿಗೆ ಮರುಳಾಗಿ ಮನೆಗೆ ಬಂದ ಒಕ್ಕಲಿಗನ ಹಾಗೆ, ಕೈಯಲ್ಲಿ ಏನು ಉಳಿಯಿತೆಂದು ನೋಡಿಕೊಳ್ಳುವಂತಾಗುತ್ತದೆ. ಒಂದು ರಾಷ್ಟ್ರ ಇನ್ನೊಂದರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ನಿರ್ಣಯಿಸುವುದು ಹಣ, ಹಡಗು, ಸೈನ್ಯ. ಅಧ್ಯಕ್ಷನ ವಾಗ್ವೈಭವವು ಆ ನಿರ್ಣಯದ ಮೇಲೆ ಕೊನೆಗೆ ಹೊದಿಸುವ ಜರಿಶಾಲು. ಇಷ್ಟೇ ಅಲ್ಲವೇ?

ಮಾನ್ವಿಯವರು: ಬೇರೆ ಯಾರಾದರೂ ಹೀಗೆಂದಿದ್ದರೆ ಸುಮ್ಮನಿರುತ್ತಿದ್ದೆ, ವಕೀಲನಾದ ನೀನು ಹೇಳಬಾರದು. ನಿನ್ನ ಕಕ್ಷಿಗಾರನ ಹೊಲದ ಪತ್ರದಲ್ಲಿ ‘ಕ್ರಯ’ ಎಂದು ಬರೆದಿದ್ದರೆ ಏನಾಗುತ್ತದೆ, ‘ಭೋಗ್ಯ’ ಎಂದು ಬರೆದಿದ್ದರೆ ಏನಾಗುತ್ತದೆ? ಹೊಲ ಅದೇ, ಉಳುವವನು ಅದೇ ಸಾಹುಕಾರ, ಬೆಳೆ ಹೋಗುವುದು ಅದೇ ಕಣಕ್ಕೆ. ಆದರೂ ಇಪ್ಪತ್ತು ವರ್ಷಗಳ ಮೇಲೆ ಮೊಮ್ಮಗ ಬಂದು ಹೊಲ ಬಿಡಿಸಿಕೊಳ್ಳಬಲ್ಲನೋ ಇಲ್ಲವೋ ಎಂಬುದು ಆ ಒಂದು ಶಬ್ದದ ಮೇಲೆ ನಿಂತಿದೆ.

ದೇವದುರ್ಗದವರು: ಅದು ದಸ್ತಾವೇಜಿನ ಭಾಷೆ, ಭಾಷಣದ್ದಲ್ಲ.

ಮಾನ್ವಿಯವರು: ದಸ್ತಾವೇಜಿನಿಂದಲೇ ಹೊರಡೋಣ. 1853ರಲ್ಲಿ, ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಖರ್ಚಿನ ಬಾಕಿ ಬೆಳೆದು ಬೆಟ್ಟವಾಗಿ, ಕಂಪನಿ ಸರಕಾರವು ಅದಕ್ಕೆ ಬದಲಾಗಿ ವರ್ಹಾಡ, ಧಾರಾಶಿವ ಹಾಗೂ ಈ ನಮ್ಮ ರಾಯಚೂರು ದೋಆಬನ್ನು ನಿಜಾಮರಿಂದ ತೆಗೆದುಕೊಂಡಿತು. ಕರಾರಿನಲ್ಲಿ ‘ಬಿಟ್ಟುಕೊಟ್ಟದ್ದು’ ಎಂದು ಬರೆಯಲಿಲ್ಲ. ವೆಚ್ಚಕ್ಕಾಗಿ ‘ವಹಿಸಿಕೊಟ್ಟದ್ದು’ ಎಂದು ಬರೆದರು. ನಿನ್ನ ಮಾತಿನಲ್ಲಿ ಹೇಳುವುದಾದರೆ ಕ್ರಯವಲ್ಲ, ಭೋಗ್ಯ. 1857ರ ದಂಗೆಯಲ್ಲಿ ನಿಜಾಮರ ಸರಕಾರ ಇಂಗ್ಲಿಷರ ಕೈಬಿಡಲಿಲ್ಲವೆಂಬ ಕಾರಣಕ್ಕೆ 1860ರಲ್ಲಿ ರಾಯಚೂರು, ಧಾರಾಶಿವಗಳು ಮರಳಿ ಬಂದುವು. ದಂಗೆಯೆದ್ದ ಸುರಪುರದ ನಾಯಕನ ಸೀಮೆಯೂ ಅದರೊಡನೆ ನಿಜಾಮರ ಪಾಲಿಗೆ ಸೇರಿತು. ವರ್ಹಾಡ ಮಾತ್ರ ಮರಳಲಿಲ್ಲ. ಮುಂದೆ ಎಂಬತ್ತು ವರ್ಷಗಳವರೆಗೂ ಹೈದರಾಬಾದಿನ ರಾಜಕಾರಣವೆಲ್ಲ ‘ಅದು ಭೋಗ್ಯ, ಭೋಗ್ಯ’ ಎಂದು ಜಪಿಸುವುದರಲ್ಲೇ ಕಳೆಯಿತು. ಏಳು ವರ್ಷ ಇಂಗ್ಲಿಷರ ಕೈಗೆ ಹೋಗಿಬಂದ ನಮ್ಮ ಊರುಗಳ ಜನರನ್ನು ಹೋಗುವಾಗಲೂ ಬರುವಾಗಲೂ ಯಾರೂ ಕೇಳಿರಲಿಲ್ಲ ಎಂಬುದು ಬೇರೆ ಮಾತು.

ದೇವದುರ್ಗದವರು: ಒಪ್ಪಿದೆ. ಆದರೆ ನಾನು ಕೇಳಿದ್ದು ಸಭೆಯಲ್ಲಿ ನಿಂತು ಆಡುವ ಮಾತಿನ ವಿಚಾರ. ದೊರೆ ತನ್ನವರಿಗೂ ಪರರಿಗೂ ಏಕಕಾಲಕ್ಕೆ ಕೇಳಿಸುವಂತೆ ಆಡುವ ಮಾತು.

ಮಾನ್ವಿಯವರು: ಅದಕ್ಕೂ ಊರು ಬಿಟ್ಟು ಹೋಗಬೇಕಾದ್ದಿಲ್ಲ. ಈ ಕೋಟೆಗಾಗಿ 1520ರಲ್ಲಿ ನಡೆದ ಯುದ್ಧವನ್ನು ತೆಗೆದುಕೊ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ನೆಲ ಕೃಷ್ಣದೇವರಾಯನಿಗೆ ಬೇಕಾಗಿತ್ತು; ಅದು ಆಸೆ. ಆಸೆಯನ್ನೇ ಸಾರಿಕೊಂಡು ದಂಡೆತ್ತಿ ಹೊರಟರೆ ನೆರೆಯ ಸುಲ್ತಾನರೆಲ್ಲ ಒಂದಾಗಿಬಿಡುವರು. ಆದ್ದರಿಂದ ಆಸೆಗೊಂದು ನ್ಯಾಯದ ಮಾತು ಬೇಕಾಯಿತು. ಆ ಮಾತು ಸಿಕ್ಕಿದ ಬಗೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಯುದ್ಧವಾಗಿ ಹದಿನೈದು ವರ್ಷಗಳ ಸುಮಾರಿಗೆ ಬರೆದ ತನ್ನ ವೃತ್ತಾಂತದಲ್ಲಿ ಹೇಳಿದ್ದಾನೆ. ಗೋವೆಯಿಂದ ಕುದುರೆ ಕೊಂಡುತರಲೆಂದು ರಾಯನು ಒಬ್ಬ ವರ್ತಕನ ಕೈಗೆ 40,000 ವರಹ ಕೊಟ್ಟು ಕಳಿಸಿದನಂತೆ. ಅವನು ಹಣದೊಡನೆ ಬಿಜಾಪುರದ ಆದಿಲ್ ಶಾಹನ ಸೀಮೆಗೆ ಓಡಿಹೋದನಂತೆ. ಓಡಿಬಂದ ಇಂಥವರನ್ನು ಹಿಡಿದೊಪ್ಪಿಸಬೇಕೆಂಬುದು ಉಭಯ ರಾಜ್ಯಗಳ ಸಂಧಿಯಲ್ಲಿ ಇದ್ದುದರಿಂದ ರಾಯನು ಅದನ್ನು ಉಲ್ಲೇಖಿಸಿ ಪತ್ರ ಬರೆದ. ಆ ವರ್ತಕನು ಪ್ರವಾದಿಯ ವಂಶದವನು, ಶಾಸ್ತ್ರ ಬಲ್ಲವನು ಎಂಬ ಸಮಾಧಾನ ಬಿಜಾಪುರದಿಂದ ಬಂದಿತು. ಅಷ್ಟಾದೊಡನೆ ರಾಯನು ಉಳಿದ ಸುಲ್ತಾನರಿಗೂ, ನೋಡಿ, ನನಗಾದ ಅನ್ಯಾಯ ಇದು, ಸಂಧಿಯನ್ನು ಮುರಿದವನು ಆದಿಲ್ ಶಾಹನು, ಎಂಬ ಅಭಿಪ್ರಾಯದ ಓಲೆಗಳನ್ನು ಕಳಿಸಿದ. ಅವರು ಆಗ ಅಡ್ಡ ಬರಲಿಲ್ಲ. ಒಬ್ಬ ಓಡಿಹೋದ ಸಾಲಗಾರನ ಬೆನ್ನುಹತ್ತಿ ಲಕ್ಷೋಪಲಕ್ಷ ಕಾಲಾಳುಗಳು ರಾಯಚೂರಿಗೆ ಬಂದರು.

ದೇವದುರ್ಗದವರು: ನೋಡಿದಿರಾ, ನನ್ನ ಜರಿಶಾಲು! ಒಳಗಿದ್ದುದು ಆಸೆ, ಮೇಲಿದ್ದುದು ಸಾಲಗಾರ.

ಮಾನ್ವಿಯವರು: ಯುದ್ಧದವರೆಗೆ ನಿನ್ನ ಮಾತು ಸರಿ. ಯುದ್ಧವಾದ ಮೇಲೆ ಏನಾಯಿತೆಂಬುದನ್ನು ಕೇಳು. ಗೆದ್ದ ರಾಯನ ಬಳಿಗೆ ಆದಿಲ್ ಶಾಹನ ರಾಯಭಾರಿ ಬಂದು, ವಿಜಯನಗರದಲ್ಲಿ ಒಂದು ತಿಂಗಳಿಗೂ ಮಿಕ್ಕು ಕಾದು, ಕೊನೆಗೆ ಸಂದರ್ಶನ ಪಡೆದ. ಸಂಧಿಯ ಮಾತಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಬೇರೆಯಿಲ್ಲ. ಆಗ ರಾಯನು, ನಿನ್ನ ಒಡೆಯನು ಬಂದು ನನ್ನ ಪಾದವನ್ನು ಚುಂಬಿಸಿದರೆ ಹಿಡಿದದ್ದನ್ನೆಲ್ಲ ಹಿಂದಿರುಗಿಸುವೆನು, ಎಂದನಂತೆ. ಯಾವ ಆಸೆಗೆ ಹೊದಿಸಿದ ಶಾಲು ಇದು? ಇದರಿಂದ ಒಂದು ಹಳ್ಳಿ ಬರುವುದಿಲ್ಲ, ಒಂದು ಕುದುರೆ ಬರುವುದಿಲ್ಲ. ತುಂಬಿದ ಸಭೆಯಲ್ಲಿ ಬಾಯಿಂದ ಹೊರಟದ್ದರಿಂದ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅಲ್ಲಿಂದ ಮುಂದೆ ರಾಯನು ಆ ಚುಂಬನವನ್ನು ಅರಸುತ್ತ ಮುದಗಲ್ಲಿಗೆ ಹೋದ. ಅಲ್ಲಿ ಸಿಗದೆ ಬಿಜಾಪುರದವರೆಗೂ ಹೋದ. ಆದಿಲ್ ಶಾಹನು ಬಂದೆ, ಬಂದೆ ಎನ್ನುತ್ತಲೇ ಕೈಗೆ ಸಿಗದಾದ. ಯುದ್ಧವನ್ನು ಗೆದ್ದ ದೊರೆ ತನ್ನದೇ ಒಂದು ವಾಕ್ಯದ ಹಿಂದೆ ಅಲೆದಾಡಿದ. 1529ರಲ್ಲಿ ಅವನು ತೀರಿಕೊಂಡ ಬೆನ್ನಿಗೇ ರಾಯಚೂರು ಮತ್ತೆ ಬಿಜಾಪುರದ ವಶವಾಯಿತು. ರಕ್ಕಸತಂಗಡಿಯ ಸೋಲಿಗೂ ಈ ಮಾತೇ ಬೀಜವೆನ್ನುವವರಿದ್ದಾರೆ. ನಲವತ್ತೈದು ವರ್ಷಗಳ ರಾಜಕಾರಣವನ್ನೆಲ್ಲ ಒಂದು ಪಾದದ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

ದೇವದುರ್ಗದವರು: ಗೆದ್ದ ಮೇಲೆ ಆಡಿದ ಮಾತೇ ಹೆಚ್ಚು ಅಪಾಯಕರವೆನ್ನುತ್ತೀರಿ. ಆದರೆ ಒಬ್ಬ ಚಕ್ರವರ್ತಿ ವಿವೇಕದಿಂದ ಆಡಿದ ಮಾತೂ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ಮಸ್ಕಿಯಲ್ಲಿ?

ಮಾನ್ವಿಯವರು: ಮಸ್ಕಿಯ ಬಂಡೆ 1915ರಲ್ಲಿ ಬೆಳಕಿಗೆ ಬಂದಾಗ ಅದರಲ್ಲಿ ದೊರೆತ ಬೆಲೆಯುಳ್ಳ ವಸ್ತು ‘ಅಶೋಕ’ ಎಂಬ ಹೆಸರು. ಕಳಿಂಗದ ಪಶ್ಚಾತ್ತಾಪ ಅಲ್ಲಿಲ್ಲ. ಅದು ಹದಿಮೂರನೆಯ ಬಂಡೆಶಾಸನದಲ್ಲಿದೆ. ಗ್ರೀಕ್ ಅರಸರೈವರ ಹೆಸರು ಹೇಳಿ, ನನ್ನ ಧರ್ಮವಿಜಯ ಅಲ್ಲಿಯವರೆಗೂ ಮುಟ್ಟಿತು ಎನ್ನುವ ಶಾಸನವೂ ಅದೇ. ಆ ಶಾಸನವನ್ನು ಅವನು ಎಲ್ಲಿ ಕೊರೆಯಿಸಲಿಲ್ಲ ಗೊತ್ತೇ? ಕಳಿಂಗದಲ್ಲಿ. ಧೌಳಿ, ಜೌಗಡದ ಬಂಡೆಗಳಲ್ಲಿ ಅದನ್ನು ಬಿಟ್ಟು ಬೇರೆ ಶಾಸನಗಳನ್ನು ಹಾಕಿಸಿದ. ಪೆಟ್ಟು ತಿಂದವರ ಎದುರಿಗೆ ಎಷ್ಟು ಜನ ಸತ್ತರೆಂಬ ಲೆಕ್ಕ ಓದುವುದು ತರವಲ್ಲವೆಂದೋ, ಆಡಳಿತಕ್ಕೆ ಹಿತವಲ್ಲವೆಂದೋ. ಯಾರ ಕಿವಿಗೆ ಯಾವ ಮಾತು ಎಂಬುದನ್ನು ಅಷ್ಟು ಹಿಂದೆಯೇ ತಿಳಿದಿದ್ದರು.

ದೇವದುರ್ಗದವರು: ಈಗ ಬಂಡೆಗಳನ್ನು ಹಾಗೆ ಬೇರೆಬೇರೆಯಾಗಿ ಇಡಲು ಬರುವುದಿಲ್ಲ. ಅಧ್ಯಕ್ಷ ವಾಷಿಂಗ್ಟನ್ನಿನಲ್ಲಿ ಕೆಮ್ಮಿದರೆ ಅದೇ ರಾತ್ರಿ ದೇವದುರ್ಗದ ಚಹಾದಂಗಡಿಯಲ್ಲಿ ಕೇಳಿಸುತ್ತದೆ.

ಮಾನ್ವಿಯವರು: ಇನ್ನೊಂದು ಕಷ್ಟವುಂಟು. ರಾಯನಿಗೆ ಬೊಕ್ಕಸ ತನ್ನದು. ಅಧ್ಯಕ್ಷನು ಪ್ರತಿನಿಧಿ ಸಭೆಯ ಎದುರು ಕೈಚಾಚಬೇಕು. ಕೈಚಾಚುವವನು ದನಿ ಏರಿಸುತ್ತಾನೆ. 1947ರ ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸಿನೆದುರು ನಿಂತದ್ದು ಗ್ರೀಸ್, ತುರ್ಕಿ ಎಂಬ ಎರಡು ದೇಶಗಳಿಗೆ 40 ಕೋಟಿ ಡಾಲರು ಕೇಳುವುದಕ್ಕೆ. ಅದಕ್ಕೆ ಕಾರಣ, ಇನ್ನು ಮುಂದೆ ಆ ಎರಡು ದೇಶಗಳ ಭಾರ ತಮ್ಮಿಂದ ಹೊರಲಾಗದೆಂದು ಇಂಗ್ಲಿಷರು ಫೆಬ್ರವರಿ 21ರಂದು ಅಮೆರಿಕಕ್ಕೆ ತಿಳಿಸಿದ್ದು. ಆ ದಿನಾಂಕವನ್ನು ಮನಸ್ಸಿನಲ್ಲಿಡು. ಅದರ ಹಿಂದಿನ ದಿನವೇ, ಫೆಬ್ರವರಿ 20ರಂದು, ಪ್ರಧಾನಿ ಅಟ್ಲಿ ಲಂಡನ್ನಿನಲ್ಲಿ ಎದ್ದು ನಿಂತು 1948ರ ಜೂನಿನೊಳಗೆ ಭಾರತವನ್ನು ಬಿಟ್ಟುಹೋಗುವುದಾಗಿ ಸಾರಿದ್ದರು. ಒಂದೇ ಮನೆಯ ಸಾಹುಕಾರ ದಿವಾಳಿಯಾಗಿ ಒಂದು ದಿನ ಪೂರ್ವದ ಹೊಲ, ಮರುದಿನ ಪಶ್ಚಿಮದ ಹೊಲ ಬಿಟ್ಟುಕೊಟ್ಟ ಹಾಗೆ. ಒಂದರಿಂದ ಅಮೆರಿಕದ ಹೊಸ ಪರರಾಷ್ಟ್ರ ನೀತಿ ಹುಟ್ಟಿತು. ಇನ್ನೊಂದರಿಂದ ನಮ್ಮ ನಿಜಾಮರ ಸಂಕಟ ಹುಟ್ಟಿತು.

ದೇವದುರ್ಗದವರು: ಟ್ರೂಮನ್ ಎರಡು ದೇಶಗಳಿಗಷ್ಟೇ ಹಣ ಕೇಳಿ ಕುಳಿತುಬಿಡಬಹುದಿತ್ತಲ್ಲ?

ಮಾನ್ವಿಯವರು: ಅಷ್ಟಕ್ಕೆ ಹಣ ಹುಟ್ಟುತ್ತಿರಲಿಲ್ಲ, ಯುದ್ಧದಿಂದ ದಣಿದಿದ್ದ ಜನ, ಅಂದಾಜುಪಟ್ಟಿಯ ಕಡೆಗೇ ದೃಷ್ಟಿ ನೆಟ್ಟ ವಿರೋಧಪಕ್ಷದ ಸಭೆ. ಆದ್ದರಿಂದ ಜಗತ್ತಿನಲ್ಲಿ ಎರಡೇ ಬಗೆಯ ಜೀವನಕ್ರಮಗಳಿವೆಯೆಂದೂ, ದಬ್ಬಾಳಿಕೆಯನ್ನು ಎದುರಿಸುವ ಸ್ವತಂತ್ರ ಜನಾಂಗಗಳಿಗೆ ಎಲ್ಲೆಡೆಯೂ ನೆರವಾಗುವುದೇ ಅಮೆರಿಕದ ನೀತಿಯಾಗಬೇಕೆಂದೂ ಹೇಳಿದರು. ಕೇಳಿದ್ದು ಎರಡು ದೇಶಗಳಿಗೆ. ಕೊಟ್ಟ ಮಾತು ಭೂಮಂಡಲಕ್ಕೆ. ಆಮೇಲೆ ಎಲ್ಲಿ ಯಾರು ‘ನಾವೂ ಸ್ವತಂತ್ರ ಜನಾಂಗ’ ಎಂದು ಬಾಗಿಲು ತಟ್ಟಿದರೂ ಈ ವಾಕ್ಯವೇ ಎದ್ದು ಬಂದು ಕದ ತೆರೆಯಬೇಕಾಯಿತು.

ದೇವದುರ್ಗದವರು: ನಿಜಾಮರೂ ತಟ್ಟಿದರಲ್ಲವೇ?

ಮಾನ್ವಿಯವರು: ತಟ್ಟಿದರು. ಭಾರತದೊಡನೆ ಹುಟ್ಟಿದ ವಿವಾದದಲ್ಲಿ ಟ್ರೂಮನ್ನರ ಮಧ್ಯಸ್ಥಿಕೆಯನ್ನು ಬೇಡಿದರು, ಅದು ದೊರೆಯಲಿಲ್ಲ. ಆ ಮಾರ್ಚ್ ತಿಂಗಳ ವಾಕ್ಯವನ್ನು ನಂಬಿಯೇ ಬೇಡಿದರೆಂದು ನಾನು ಹೇಳಲಾರೆ. ಅವರು ನಂಬಿದ್ದು ಅದಕ್ಕಿಂತ ಹಳೆಯದಾದ, ಅದಕ್ಕಿಂತ ಇಂಪಾದ ಎರಡು ಶಬ್ದಗಳನ್ನು: ‘ನಿಷ್ಠಾವಂತ ಮಿತ್ರ’.

ದೇವದುರ್ಗದವರು: ಯಾರ್-ಎ-ವಫಾದಾರ್. ನಮ್ಮಜ್ಜನ ಕಾಲದ ಕಾಗದಪತ್ರಗಳಲ್ಲಿ ಬಿರುದುಗಳ ಸಾಲು ಮುಗಿಯುವ ಹೊತ್ತಿಗೆ ಮುಖ್ಯ ವಿಷಯ ಮರೆತುಹೋಗಿರುತ್ತಿತ್ತು.

ಮಾನ್ವಿಯವರು: 1914ರಲ್ಲಿ ತುರ್ಕಿ ಇಂಗ್ಲಿಷರ ವಿರುದ್ಧ ಯುದ್ಧಕ್ಕಿಳಿದಾಗ, ಖಲೀಫನ ಮೇಲಣ ಭಕ್ತಿಯಿಂದ ಭಾರತದ ಮುಸಲ್ಮಾನರು ಎಲ್ಲಿ ಅಲುಗಾಡುವರೋ ಎಂಬ ಭಯ ಸರಕಾರಕ್ಕಿತ್ತು. ಆಗ ನಿಜಾಮರು ಒಂದು ಘೋಷಣೆ ಹೊರಡಿಸಿ, ಇಂಗ್ಲಿಷರಿಗೆ ನಿಷ್ಠರಾಗಿರಿ ಎಂದರು. ಆ ಉಪಕಾರಕ್ಕೆ 1918ರಲ್ಲಿ ‘ನಿಷ್ಠಾವಂತ ಮಿತ್ರ’ ಎಂಬ ಬಿರುದು ಬಂದಿತು. ಕೊಟ್ಟವರಿಗೆ ಅದು ಖರ್ಚಿಲ್ಲದ ಆಭರಣ. ಪಡೆದವರು ಅದನ್ನು ಅಕ್ಷರಶಃ ಓದಿದರು. ಮಿತ್ರನೆಂದ ಮೇಲೆ ಸಮಾನ. ಸಮಾನನೆಂದ ಮೇಲೆ ಸ್ವತಂತ್ರ. 1925ರಲ್ಲಿ ವರ್ಹಾಡದ ವಿಷಯವಾಗಿ ವೈಸರಾಯ್ ಲಾರ್ಡ್ ರೀಡಿಂಗರಿಗೆ ಬರೆದಾಗ, ಪರರಾಷ್ಟ್ರ ವ್ಯವಹಾರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ತಾವು ಬ್ರಿಟಿಷ್ ಸರಕಾರದಷ್ಟೇ ಸ್ವತಂತ್ರರೆಂಬ ಅರ್ಥ ಬರುವಂತೆ ವಾದ ಹೂಡಿದರು. 1926ರ ಮಾರ್ಚಿನಲ್ಲಿ ಬಂದ ಉತ್ತರ, ಭಾರತದಲ್ಲಿ ಬ್ರಿಟಿಷ್ ಪ್ರಭುತ್ವವೇ ಪರಮೋಚ್ಚ, ಅದರೊಡನೆ ಸಮಾನನಾಗಿ ಮಾತಾಡುವ ಅಧಿಕಾರ ಯಾವ ಸಂಸ್ಥಾನಿಕನಿಗೂ ಇಲ್ಲ, ಎಂಬುದು. ಅಷ್ಟು ಸ್ಪಷ್ಟವಾದ ಮಾತಿನ ಮೇಲೂ ಬಿರುದು ಬಿರುದಾಗಿಯೇ ಉಳಿಯಿತು. ಅದರೊಳಗಿನ ನಂಬಿಕೆಯೂ ಉಳಿಯಿತು. 1947ರ ಜೂನಿನ ಫರ್ಮಾನಿನಲ್ಲಿ, ತಾವು ಹಿಂದುಸ್ಥಾನದ ಸಂವಿಧಾನ ಸಭೆಗೂ ಪ್ರತಿನಿಧಿಗಳನ್ನು ಕಳಿಸುವುದಿಲ್ಲ, ಪಾಕಿಸ್ತಾನದ್ದಕ್ಕೂ ಕಳಿಸುವುದಿಲ್ಲ, ಆಗಸ್ಟ್ 15ಕ್ಕೆ ತಾವು ಸ್ವತಂತ್ರ ಪ್ರಭುಗಳು, ಎಂದು ಸಾರಿದರು.

ದೇವದುರ್ಗದವರು: ಆ ಫರ್ಮಾನನ್ನು ಯಾರನ್ನು ಉದ್ದೇಶಿಸಿ ಬರೆದದ್ದು? ದಿಲ್ಲಿಯನ್ನೋ, ಪ್ರಜೆಗಳನ್ನೋ?

ಮಾನ್ವಿಯವರು: ಎಲ್ಲರನ್ನೂ, ತೊಂದರೆಯಾದದ್ದೂ ಅಲ್ಲಿಯೇ. ಅದನ್ನು ಅತಿ ಉತ್ಸಾಹದಿಂದ ಕೇಳಿಸಿಕೊಂಡವನು ರಜಾಕಾರರ ದಂಡಿನ ನಾಯಕ ಕಾಸಿಂ ರಜ್ವಿ. ‘ಆಜಾದ್ ಹೈದರಾಬಾದ್’ ಎಂಬುದು ನಿಜಾಮರ ಬಾಯಲ್ಲಿ ಒಂದು ಕಾನೂನಿನ ವಾದ. ರಜ್ವಿಯ ಬಾಯಲ್ಲಿ ಅದು ಕತ್ತಿ. ದಿಲ್ಲಿಯ ಕೆಂಪು ಕೋಟೆಯ ಮೇಲೆ ಅಸಫ್‌ಜಾಹಿ ಬಾವುಟ ಹಾರಿಸುವ ಮಾತನ್ನು ಅವನು ಆಡಿದನೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಇತ್ತ ಸಂಸ್ಥಾನದ ಗಡಿಯ ಆಚೆಗೆ, ಮುಂಡರಗಿ ಗಜೇಂದ್ರಗಡಗಳ ಶಿಬಿರಗಳಲ್ಲಿ, ಸಂಸ್ಥಾನದಿಂದ ದಾಟಿಹೋದ ತರುಣರು ಕೂಗುತ್ತಿದ್ದುದೂ ಸ್ವಾತಂತ್ರ್ಯವೆಂಬ ಅದೇ ಶಬ್ದವನ್ನು. ಅವರ ಸ್ವಾತಂತ್ರ್ಯ ನಿಜಾಮರಿಂದ. ನಿಜಾಮರ ಸ್ವಾತಂತ್ರ್ಯ ಭಾರತದಿಂದ. ಟ್ರೂಮನ್ನರು ಇವರಲ್ಲಿ ಯಾರನ್ನು ‘ಸ್ವತಂತ್ರ ಜನಾಂಗ’ವೆಂದು ಗುರುತಿಸಬೇಕಾಗಿತ್ತು?

ದೇವದುರ್ಗದವರು: ನಡುವೆ ಭಾರತಕ್ಕೂ ಹೈದರಾಬಾದಿಗೂ ಆ ಯಥಾಸ್ಥಿತಿ ಒಪ್ಪಂದವೂ ಆಯಿತು.

ಮಾನ್ವಿಯವರು: 1947ರ ನವೆಂಬರ್ 29, ಒಂದು ವರ್ಷದ ಅವಧಿಗೆ. ಒಂದು ಪಕ್ಷ ಅದನ್ನು ಎರಡು ರಾಷ್ಟ್ರಗಳ ಸಂಧಿಯೆಂದು ಓದಿತು. ಇನ್ನೊಂದು, ವಿಲೀನಕ್ಕೆ ಮುಂಚಿನ ಪಡಸಾಲೆಯೆಂದು. ದಿಲ್ಲಿಯಿಂದ ಬಂದ ಕೆ. ಎಂ. ಮುನ್ಷಿಯವರಿಗೆ ‘ಏಜೆಂಟ್ ಜನರಲ್’ ಎಂಬ, ರಾಯಭಾರಿಯೂ ಅಲ್ಲದ ರೆಸಿಡೆಂಟನೂ ಅಲ್ಲದ ಒಂದು ಪದವಿನಾಮವನ್ನು ಕೊಟ್ಟರು. ಅದರ ಕತೆ ಬೇಡ, ಬಸ್ಸು ತಪ್ಪುತ್ತದೆ.

ದೇವದುರ್ಗದವರು: ಇರಲಿ, ಸೆಪ್ಟೆಂಬರಿಗೆ ಬನ್ನಿ. ಪೊಲೀಸ್ ಕಾರ್ಯಾಚರಣೆ.

ಮಾನ್ವಿಯವರು: ಹೂಂ. ಭಾರತದ ಸೈನ್ಯ ತನ್ನೊಳಗೆ ಅದಕ್ಕಿಟ್ಟ ಹೆಸರು ‘ಪೋಲೋ’. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಖ್ಯ ದಂಡು ಸೊಲ್ಲಾಪುರದ ಕಡೆಯಿಂದ ಹೊರಟಿತು. ನಮ್ಮ ದಕ್ಷಿಣದ ಅಂಚಿನಲ್ಲಿ ಗೂರ್ಖಾ ಪಡೆ ತುಂಗಭದ್ರೆಯ ಸೇತುವೆಯನ್ನು ಹಿಡಿಯಿತು, ಹೊಸಪೇಟೆಯ ಬದಿಯಲ್ಲಿ ಮೈಸೂರಿನ ಪಡೆಯೂ ಇತ್ತು. ಟ್ಯಾಂಕುಗಳಿದ್ದುವು, ವಿಮಾನಗಳಿದ್ದುವು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಈ ಕೆಲಸದಲ್ಲಿ ಇಲ್ಲದಿದ್ದವರೆಂದರೆ ಪೊಲೀಸರು. ಆದರೂ ಸರಕಾರ ಅದನ್ನು ‘ಪೊಲೀಸ್ ಆ್ಯಕ್ಷನ್’ ಎಂದು ಕರೆಯಿತು. ಏಕೆಂದು ವಕೀಲನಾದ ನೀನೇ ಹೇಳು.

ದೇವದುರ್ಗದವರು: ಯುದ್ಧಕ್ಕೆ ಎರಡು ರಾಷ್ಟ್ರಗಳು ಬೇಕು, ಪೊಲೀಸರು ಹೋಗುವುದು ಸ್ವಂತ ಊರಿನ ಮನೆಗೆ. ಯುದ್ಧವೆಂದರೆ ಹೈದರಾಬಾದು ರಾಷ್ಟ್ರವೆಂದು ಒಪ್ಪಿದ ಹಾಗಾಯಿತು. ವಿಶ್ವಸಂಸ್ಥೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಪೊಲೀಸೆಂದರೆ ಅದು ಮನೆಯೊಳಗಿನ ಸಂಗತಿ.

ಮಾನ್ವಿಯವರು: ಆಗಸ್ಟ್ ತಿಂಗಳಲ್ಲೇ ಹೈದರಾಬಾದು ಭದ್ರತಾ ಮಂಡಳಿಗೆ ದೂರು ಕೊಟ್ಟಿದ್ದಿತು. ಪ್ಯಾರಿಸ್ಸಿನಲ್ಲಿ ಮಂಡಳಿ ಅದನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು. ಭಾರತದ ಪರವಾಗಿ ನಿಂತವರು ಯಾರು ಬಲ್ಲೆಯಾ? ಆಗ ಮೈಸೂರಿನ ದಿವಾನರಾಗಿದ್ದ ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರು. ಹೈದರಾಬಾದು ರಾಷ್ಟ್ರವಲ್ಲ, ಆದ್ದರಿಂದ ಮಂಡಳಿಯ ಬಾಗಿಲಿಗೆ ಬರುವ ಅರ್ಹತೆಯೇ ಅದಕ್ಕಿಲ್ಲ, ಎಂಬುದು ಅವರ ವಾದ. ಒಂದು ಸಂಸ್ಥಾನದ ದಿವಾನರು ಇನ್ನೊಂದು ಸಂಸ್ಥಾನ ರಾಷ್ಟ್ರವಲ್ಲವೆಂದು ವಾದಿಸಿದ ಆ ದೃಶ್ಯವನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ವಾದ ಮಾತ್ರ ಗಟ್ಟಿಯಾದದ್ದು. ಮರುದಿನ ಇಲ್ಲಿ ಶರಣಾಗತಿಯಾಯಿತು. ವಾರ ಕಳೆಯುವುದರೊಳಗೆ ನಿಜಾಮರೇ ದೂರನ್ನು ಹಿಂತೆಗೆದುಕೊಂಡು, ರೇಡಿಯೋದಲ್ಲಿ ಮಾತಾಡಿ, ಕಳೆದ ನವೆಂಬರಿನಿಂದ ಒಂದು ಸಣ್ಣ ಗುಂಪು ಬಲಾತ್ಕಾರದಿಂದ ತಮ್ಮನ್ನು ಕಟ್ಟಿಹಾಕಿದ್ದಿತು ಎಂದರು. ನೆನ್ನೆಯವರೆಗೆ ‘ನನ್ನ ಸರಕಾರ’ವಾಗಿದ್ದುದು ಒಂದೇ ವಾಕ್ಯದಲ್ಲಿ ‘ಗುಂಪು’ ಆಯಿತು. 1950ರಲ್ಲಿ ಅವರೇ ಭಾರತದೊಳಗಿನ ಹೈದರಾಬಾದಿನ ರಾಜಪ್ರಮುಖರಾದರು. ಅದೂ ಒಂದು ಬಿರುದೇ.

ದೇವದುರ್ಗದವರು: ಹಾಗಾದರೆ ಈ ಸಾರಿ ಶಬ್ದ ಗೆದ್ದಿತು. ಅದನ್ನು ಹುಡುಕಿದವರ ಜಾಣ್ಮೆಯನ್ನು ಮೆಚ್ಚಬೇಕು.

ಮಾನ್ವಿಯವರು: ಹುಡುಕಿದವರು ನಮ್ಮವರಲ್ಲ. ಒಂದು ವರ್ಷ ಮೊದಲು, 1947ರ ಜುಲೈಯಲ್ಲಿ, ಇಂಡೋನೇಷ್ಯಾದ ಗಣರಾಜ್ಯದ ಮೇಲೆ ಡಚ್ಚರು ಸೈನ್ಯ ನುಗ್ಗಿಸಿ ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆದರು. ಕಾರಣವೂ ನೀನು ಈಗ ಹೇಳಿದ್ದೇ, ಮನೆಯೊಳಗಿನ ಸಂಗತಿಯೆಂಬುದು. ಅದನ್ನು ಒಪ್ಪದೆ, ಇದು ಶಾಂತಿಗೆ ಬಂದ ಭಂಗ ಎಂದು ಭದ್ರತಾ ಮಂಡಳಿಗೆ ಒಯ್ದವರು ಆಸ್ಟ್ರೇಲಿಯ ಮತ್ತು ಭಾರತ.

ದೇವದುರ್ಗದವರು: ಭಾರತವೇ?

ಮಾನ್ವಿಯವರು: ಭಾರತವೇ. 1947ರಲ್ಲಿ ಪರರ ಬಾಯಲ್ಲಿ ನಾವು ಬಯಲಿಗೆಳೆದ ಶಬ್ದವನ್ನು 1948ರಲ್ಲಿ ನಾವೇ ಆಡಿದೆವು. ಅದೇ ಡಿಸೆಂಬರಿನಲ್ಲಿ ಡಚ್ಚರು ಎರಡನೆಯ ‘ಪೊಲೀಸ್ ಕಾರ್ಯಾಚರಣೆ’ ಹೂಡಿದಾಗ, 1949ರ ಜನವರಿಯಲ್ಲಿ ದಿಲ್ಲಿಯಲ್ಲಿ ಏಷ್ಯದ ರಾಷ್ಟ್ರಗಳ ಸಮ್ಮೇಳನ ಕರೆದು ಮತ್ತೆ ಖಂಡಿಸಿದೆವು. ಬಾಯ್ತಪ್ಪಿನಿಂದ ಆದದ್ದಲ್ಲ ಇದು. ಎರಡೂ ಸಂಗತಿಗಳು ಒಂದೇ ಅಲ್ಲವೆನ್ನಲು ನ್ಯಾಯವಾದ ಆಧಾರಗಳೂ ಇದ್ದುವು: ಅಲ್ಲಿ ಸಮುದ್ರದಾಚೆಯಿಂದ ಬಂದ ಪ್ರಭುತ್ವ, ಗಣರಾಜ್ಯದೊಡನೆ ತಾನೇ ಒಪ್ಪಂದಕ್ಕೆ ಸಹಿ ಹಾಕಿತ್ತು, ಇಲ್ಲಿ ಸುತ್ತಲೂ ಭಾರತ, ಒಳಗಿನ ಪ್ರಜೆಗಳಲ್ಲಿ ಬಹುಮಂದಿಯ ಮನಸ್ಸು ಭಾರತದ ಕಡೆಗೆ. ಆ ವ್ಯತ್ಯಾಸವನ್ನು ವಾದಿಸಿ ತೋರಿಸಬಹುದು. ಆದರೆ ಶಬ್ದ ತಾನಾಗಿ ಅದನ್ನು ತೋರಿಸುವುದಿಲ್ಲ. ಡಚ್ಚನ ಕೈಯಲ್ಲಿಯೂ ನಮ್ಮ ಕೈಯಲ್ಲಿಯೂ ಅದು ಒಂದೇ ತರದ ಮುಸುಕು.

ದೇವದುರ್ಗದವರು: ಮುಸುಕಿನ ಕೆಳಗೆ ಏನಿತ್ತೆಂಬುದನ್ನು ನಮ್ಮ ಕಡೆಯ ಮುದುಕರು ಪಿಸುಮಾತಿನಲ್ಲಿ ಹೇಳುತ್ತಿದ್ದರು. ರಜಾಕಾರರ ಹಾವಳಿಯ ಮಾತನ್ನು ಗಟ್ಟಿಯಾಗಿ ಹೇಳುವರು, ಆಮೇಲಿನದನ್ನು ಪಿಸುಮಾತಿನಲ್ಲಿ.

ಮಾನ್ವಿಯವರು: ರಜಾಕಾರರು ಸುಟ್ಟ ಹಳ್ಳಿಗಳ ಬೂದಿ ನಿಜ. ಸೈನ್ಯ ಬಂದ ಬೆನ್ನಿಗೆ ಬಡ ಮುಸಲ್ಮಾನರ ಮೇಲೆ ತೀರಿಸಿಕೊಂಡ ಸೇಡೂ ಅಷ್ಟೇ ನಿಜ. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಸರಕಾರವೇ ಕಳಿಸಿದ ತಂಡ ಆ ವರ್ಷದ ಕೊನೆಗೆ ಜಿಲ್ಲೆಗಳನ್ನು ತಿರುಗಿ, ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜು ಮಾಡಿತು. ಕಲಬುರ್ಗಿ, ಬೀದರ, ಉಸ್ಮಾನಾಬಾದ, ನಾಂದೇಡಗಳು ಅತಿ ಹೆಚ್ಚು ನೊಂದ ಜಿಲ್ಲೆಗಳು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಯುದ್ಧವೆಂದಿದ್ದರೆ ಯುದ್ಧದ ಲೆಕ್ಕ ಕೇಳುವವರಿರುತ್ತಿದ್ದರೋ ಏನೋ. ಪೊಲೀಸರು ಬಂದು ಹೋದ ಮನೆಯಲ್ಲಿ ಹೆಣಗಳ ಲೆಕ್ಕವನ್ನು ಯಾರು ಕೇಳುವರು?

ಮಾನ್ವಿಯವರು ಸ್ವಲ್ಪ ಹೊತ್ತು ಸುಮ್ಮನಾದರು. ಕೋಟೆಯ ಮೇಲಣ ಗುಡ್ಡದ ನೆರಳು ಕಲ್ಲಿನ ಚಿತ್ರದ ಕೋಣಗಳನ್ನು ಒಂದೊಂದಾಗಿ ದಾಟುತ್ತಿದ್ದಿತು.

ದೇವದುರ್ಗದವರು: ನಾನು ಕೇಳಿದ್ದು ಅಧ್ಯಕ್ಷರುಗಳ ವಿಚಾರ, ನೀವು ಅವರಿಂದ ಬಹಳ ದೂರ ಬಂದಿರಿ.

ಮಾನ್ವಿಯವರು: ದೂರ ಬರಲಿಲ್ಲ, ಶಬ್ದವೇ ಅವರ ಬಳಿಗೆ ಹೋಯಿತು. 1950ರ ಜೂನ್ 25ರಂದು ಕೊರಿಯದಲ್ಲಿ ಯುದ್ಧ ಹೊತ್ತಿಕೊಂಡಿತು. ಟ್ರೂಮನ್ನರು ಕಾಂಗ್ರೆಸ್ಸಿನಿಂದ ಯುದ್ಧಘೋಷಣೆ ಕೇಳದೆಯೇ ಸೈನ್ಯ ಕಳಿಸತೊಡಗಿದರು. 29ನೆಯ ತಾರೀಖು ಪತ್ರಕರ್ತರೆದುರು, ನಾವು ಯುದ್ಧದಲ್ಲಿಲ್ಲ, ಎಂದರು. ಒಬ್ಬ ಪತ್ರಕರ್ತ, ಹಾಗಾದರೆ ಇದನ್ನು ವಿಶ್ವಸಂಸ್ಥೆಯ ಪೊಲೀಸ್ ಕಾರ್ಯಾಚರಣೆ ಎನ್ನಬಹುದೇ, ಎಂದು ಕೇಳಿದ. ಹೌದು, ಅದು ಅದೇ, ಎಂದರು.

ದೇವದುರ್ಗದವರು: ಆ ಶಬ್ದ ಅವರದೂ ಅಲ್ಲವೇ!

ಮಾನ್ವಿಯವರು: ಪತ್ರಕರ್ತ ಬಾಯಿಗಿಟ್ಟದ್ದು, ಅಧ್ಯಕ್ಷರು ನುಂಗಿದ್ದು. ನುಂಗಿದ ಮೇಲೆ ಜೀರ್ಣಿಸಬೇಕಾದವರು ಅವರೇ. ಮೂರು ವರ್ಷ ನಡೆದ ಆ ‘ಕಾರ್ಯಾಚರಣೆ’ಯಲ್ಲಿ ಅಮೆರಿಕದವರೇ ಮೂವತ್ತು ಸಾವಿರಕ್ಕೂ ಮಿಕ್ಕು ಸತ್ತರು, ಕೊರಿಯದವರ, ಚೀಣಿಯರ ಸಂಖ್ಯೆ ಲಕ್ಷಗಳಲ್ಲಿ. ಮಗನನ್ನು ಕಳೆದುಕೊಂಡ ತಾಯಿಗೆ, ನಿನ್ನ ಮಗ ಯುದ್ಧದಲ್ಲಿ ಸಾಯಲಿಲ್ಲ, ಎಂದು ಹೇಳಿದ ಹಾಗಾಯಿತಲ್ಲವೇ? ವಿರೋಧಿಗಳು ಆ ಎರಡು ಶಬ್ದಗಳನ್ನು ಎತ್ತಿಕೊಂಡು ಅಧ್ಯಕ್ಷರ ಮುಖಕ್ಕೇ ಹಿಡಿದರು. 1952ರ ಚುನಾವಣೆಗೆ ಅವರು ನಿಲ್ಲಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದುವು. ಇದೂ ಅವುಗಳ ಜೊತೆಗೆ ನಿಂತಿದ್ದಿತು. ಇಷ್ಟರ ಮೇಲೆ, ಯುದ್ಧಘೋಷಣೆಯಿಲ್ಲದೆ ಸೈನ್ಯ ಕಳಿಸುವ ಪದ್ಧತಿ ಅವರ ತರುವಾಯದ ಅಧ್ಯಕ್ಷರಿಗೆಲ್ಲ ದಾರಿಯಾಯಿತು. ನಿನ್ನ ಜರಿಶಾಲಿನ ಮಾತಿಗೆ ಮರಳಿ ಬರುವುದಾದರೆ, ತಮ್ಮಾ, ಮೊದಲು ಶಾಲು ಹೊಲಿದಿದ್ದರು. ಮೈಯೇ ಆಮೇಲೆ ಅದರ ಅಳತೆಗೆ ಬೆಳೆಯಿತು.

ದೇವದುರ್ಗದವರು: ಈಗ ನಮ್ಮಲ್ಲಿಯೂ ಹೆಸರುಗಳ ಅಳತೆ ಬದಲಾಗುತ್ತಿದೆ. ಸೆಪ್ಟೆಂಬರ್ 17 ನಮ್ಮ ಊರಿನಲ್ಲಿ ವಿಮೋಚನಾ ದಿನವಾಗಿತ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂದ ಮೇಲೆ ಅದು ಉತ್ಸವವಾಯಿತು. ಪಕ್ಕದ ತೆಲಂಗಾಣದಲ್ಲಿ ಒಬ್ಬರು ವಿಮೋಚನೆಯೆನ್ನುತ್ತಾರೆ, ಇನ್ನೊಬ್ಬರು ಏಕೀಕರಣವೆನ್ನುತ್ತಾರೆ. ಪೊಲೀಸ್ ಆ್ಯಕ್ಷನ್ ಎಂಬ ಮಾತನ್ನು ಈಗಿನ ಭಾಷಣಗಳಲ್ಲಿ ಕೇಳಿದ ನೆನಪೇ ಇಲ್ಲ.

ಮಾನ್ವಿಯವರು: ಭಾಷಣದಲ್ಲಿ ಇಲ್ಲದಿರಬಹುದು, ನಮ್ಮ ಮನೆಯಲ್ಲಿತ್ತು. ಮಾನ್ವಿಯ ಬಳಿಯ ನಮ್ಮ ಹಳ್ಳಿಯಲ್ಲಿ ನನ್ನ ತಾಯಿಗೆ ಬರುತ್ತಿದ್ದ ಇಂಗ್ಲಿಷ್ ಶಬ್ದಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವುಗಳಲ್ಲಿ ಎರಡು ಇವು. ಊರಿನ ಲೆಕ್ಕವೆಲ್ಲ ಅದರಿಂದಲೇ. ದೊಡ್ಡಮ್ಮನ ಮದುವೆ ಪೊಲೀಸ್ ಆ್ಯಕ್ಷನ್ನಿಗೆ ಎರಡು ವರ್ಷ ಮುಂಚೆ. ಕಪ್ಪು ಎತ್ತು ಸತ್ತದ್ದು ಪೊಲೀಸ್ ಆ್ಯಕ್ಷನ್ನಿನ ಮರುವರ್ಷ. ನಾನು ಆಗ ಕೈಗೂಸು. ಶಾಲೆಗೆ ಸೇರಿಸುವಾಗ ಮಾಸ್ತರರು ಹುಟ್ಟಿದ ತಾರೀಖು ಕೇಳಿದ್ದಕ್ಕೂ ಅವಳು ಅದನ್ನೇ ಹೇಳಿದಳಂತೆ. ಅವರು ಜೂನ್ 1 ಎಂದು ಬರೆದುಕೊಂಡರು.

ದೇವದುರ್ಗದವರು: ಆ ದಿನಗಳ ಬಗ್ಗೆ ಬೇರೇನಾದರೂ ಹೇಳುತ್ತಿದ್ದರೇ?

ಮಾನ್ವಿಯವರು: ಸಜ್ಜೆ ತೆನೆ ಹಿಡಿದಿತ್ತಂತೆ. ನನ್ನನ್ನು ಉಡಿಯಲ್ಲಿ ಕಟ್ಟಿಕೊಂಡು, ನಾನು ಅತ್ತರೆ ಬಾಯಿಗೆ ಸೆರಗು ಒತ್ತುತ್ತ, ಎರಡು ರಾತ್ರಿ ಆ ಸಜ್ಜೆಯ ಹೊಲದಲ್ಲಿ ಅಡಗಿದ್ದಳಂತೆ. ಇತಿಹಾಸ ಓದಿ ಬಂದ ಹುಮ್ಮಸ್ಸಿನಲ್ಲಿ ಒಮ್ಮೆ ಕೇಳಿದೆ: ಅವ್ವಾ, ಯಾರಿಗೆ ಹೆದರಿ ಅಡಗಿದ್ದೆ, ರಜಾಕಾರರಿಗೋ, ಮಿಲ್ಟ್ರಿಯವರಿಗೋ? ಅವಳು ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, ‘ಪೊಲೀಸ್ ಆ್ಯಕ್ಷನ್ನಿಗೆ’ ಎಂದಳು. ಪೊಲೀಸರನ್ನು ಕಂಡೆಯಾ ಎಂದೆ. ‘ಪೊಲೀಸರೆಲ್ಲಿ ಬಂದಿದ್ದರೋ ಯಪ್ಪಾ,’ ಎಂದಳು, ‘ಊರಾಗ ಇದ್ದ ಇಬ್ಬರೂ ಅವತ್ತೇ ಓಡಿಹೋಗಿದ್ದರು.’